ಬೇಸಿಗೆಯ ಚಿತ್ರಗಳೂ ವಿಮರ್ಶೆಯ ಅಳತೆಗೋಲೂ

ಚಲಚ್ಚಿತ್ರಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. ಶುಕ್ರವಾರ ತೆರೆಕಂಡ ಚಿತ್ರಕ್ಕೆ ಭಾನುವಾರದೊಳಗಾಗಿ ತೀರ್ಪು ದೊರೆಯುತ್ತದೆ. ಅದಕ್ಕೆ ಆಧಾರ ಹೆಚ್ಚಾಗಿ ಗಲ್ಲಾಪೆಟ್ಟಿಗೆಯ ಲೆಕ್ಕ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದುದನ್ನು ನಾವು ತರಗತಿಯಲ್ಲಿ ಓದಿರುವೆವು. ಹೊಡೆದಾಟದ ಚಿತ್ರ, ಪತ್ತೇದಾರಿ, ಹಾಸ್ಯ, ವಾಸ್ತವ ಚಿತ್ರ ಇವು ಒಂದೊಂದೂ ಪ್ರೇಕ್ಷಕನಿಗೆ ಒಂದೊಂದು ಬಗೆಯ ಮಾತು ಕೊಡುತ್ತವೆ. ಕೊಟ್ಟ ಮಾತಿಗೆ ತಕ್ಕಂತೆ ನಡೆದುಕೊಂಡವೇ ಎಂದು ಕೇಳುವುದೂ ಔಚಿತ್ಯದ ಪ್ರಶ್ನೆಯೇ. ಈ ಅಳತೆಗೋಲಿನಿಂದ 2023ರ ಬೇಸಿಗೆಯ ಕೆಲವು ಕನ್ನಡ ಚಿತ್ರಗಳನ್ನು ಅಳೆದು ನೋಡುವುದು ಈ ಲೇಖನದ ಉದ್ದೇಶ. ಅಂದಿನ ಗದ್ದಲ ಈಗ ಅಡಗಿರುವುದು ಇದಕ್ಕೆ ಅನುಕೂಲವೇ ಆಗಿದೆ.

ಆ ಬೇಸಿಗೆ ನಮ್ಮ ಚಿತ್ರಗಳಿಗೆ ಸುಗಮವಾಗಿರಲಿಲ್ಲ. ಸಂಜೆಯಾದರೆ ಐಪಿಎಲ್, ಮೇ 10ರಂದು ವಿಧಾನಸಭೆಯ ಚುನಾವಣೆ. ಜಗ್ಗೇಶರ 'ರಾಘವೇಂದ್ರ ಸ್ಟೋರ್ಸ್' ಏಪ್ರಿಲ್ 28ರಂದು ಬಂದರೆ, ಅದೇ ದಿನ ಮಣಿರತ್ನಂ ಅವರ 'ಪೊನ್ನಿಯಿನ್ ಸೆಲ್ವನ್' ಎರಡನೆಯ ಭಾಗವೂ ಬಂದಿತು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಜೋಗುಪಾಳ್ಯದಿಂದ, ಹಳೆಯ ಲಿಡೊ ಟಾಕೀಸಿನ ಜಾಗದಲ್ಲೆದ್ದಿರುವ ಮಾಲಿಗೆ ಜನ ಯಾವುದನ್ನು ನೋಡಲು ಹೋದರೆಂದು ಹೇಳಬೇಕಾಗಿಲ್ಲ. ಜಗ್ಗೇಶರ ಚಿತ್ರವಾದರೋ ನಗಿಸುತ್ತೇನೆಂದು ಹೇಳಿತು, ನಗಿಸಿತು, ಅಷ್ಟು ಸಾಕು.

ಮಾರ್ಚ್ 30ರಂದು ತೆರೆಕಂಡ 'ಗುರುದೇವ್ ಹೊಯ್ಸಳ' ಪೊಲೀಸ್ ಚಿತ್ರ. ನಟ ಧನಂಜಯರಿಗೆ 25ನೆಯದು. ಬೆಳಗಾವಿಯ ನೆಲ, ಜಾತಿಯ ಮರ್ಯಾದೆಯ ಹೆಸರಿನಲ್ಲಿ ನಡೆಯುವ ಹತ್ಯೆ, ಹೀಗೆ ವಸ್ತುವೇನೋ ಗಂಭೀರವಾದುದು. ಆದರೆ ನಾಯಕನನ್ನು ಮತ್ತೆ ಮತ್ತೆ ಮೆರೆಸುವ ಭರದಲ್ಲಿ ಸತ್ತವರ ದುಃಖಕ್ಕೆ ಎಡೆ ಸಾಲದು. ಏಪ್ರಿಲ್ 14ರ 'ಶಿವಾಜಿ ಸುರತ್ಕಲ್ 2' ಪತ್ತೇದಾರಿ ಚಿತ್ರ. ರಮೇಶ್ ಅರವಿಂದರ ಅಭಿನಯದ ಸಂಯಮ ಹಿತವಾಗಿದ್ದರೂ, ಮನೆಯ ಮಮತೆಯ ಕಥೆ ತನಿಖೆಯ ಓಟವನ್ನು ಅಲ್ಲಲ್ಲಿ ತಡೆಯುತ್ತದೆ.

ಮೇ 19ರಂದು ಬಂದ 'ಡೇರ್‌ಡೆವಿಲ್ ಮುಸ್ತಫಾ' ನಮ್ಮಂಥ ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದುದು. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿದು. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ತೇಜಸ್ವಿಯವರ ಓದುಗರೇ ಹಣ ಕೂಡಿಸಿದರು. ಶಶಾಂಕ್ ಸೋಗಾಲ್ ನಿರ್ದೇಶಿಸಿದರು. ಅಬಚೂರಿನ ಕಾಲೇಜಿಗೆ ಮೊದಲ ಬಾರಿಗೆ ಒಬ್ಬ ಮುಸಲ್ಮಾನ ಹುಡುಗ ಸೇರುತ್ತಾನೆ. ಆತನ ಮುಖ ಕಾಣುವುದಕ್ಕೆ ಮೊದಲೇ, ಬರಿಯ ಹೆಸರಿನಿಂದಲೇ ಸಹಪಾಠಿಗಳು ತಮಗೆ ಬೇಕಾದ ಮುಸ್ತಫಾನನ್ನು ಕಟ್ಟಿಕೊಂಡುಬಿಡುತ್ತಾರೆ. ಇಂಥ ವಿಷಯವನ್ನು ಹಾಸ್ಯ ಮಾಡಬಹುದೇ ಎಂದು ನನ್ನ ಮಿತ್ರರೊಬ್ಬರ ಆಕ್ಷೇಪ. ನಗು ಯಾರ ಮೇಲೆ ಎಂಬುದನ್ನು ನೋಡಬೇಕು. ಅದು ಮುಸ್ತಫಾನ ಮೇಲಲ್ಲ, ಹೆಸರಿಗೆ ಹೆದರಿದವರ ಮೇಲೆ. ಗಂಭೀರವಾದ ಉಪದೇಶವನ್ನು ನಮ್ಮ ತರಗತಿಯ ಕೊನೆಯ ಬೆಂಚಿನವರು ಕೇಳಿಸಿಕೊಳ್ಳುತ್ತಿರಲಿಲ್ಲ, ನಗುವಾದುದರಿಂದ ಕೇಳಿದರು. ಉತ್ತರಾರ್ಧದಲ್ಲಿ ಕ್ರಿಕೆಟ್ಟು ಹೆಚ್ಚಾಯಿತೆಂಬ ದೂರನ್ನು ಮಾತ್ರ ಒಪ್ಪುತ್ತೇನೆ.

ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?' 2020ರಲ್ಲಿಯೇ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿದ್ದರೂ ಚಿತ್ರಮಂದಿರಕ್ಕೆ ಬಂದುದು 2023ರ ಜೂನ್ 2ರಂದು. ದುಡಿಯುವ ದಂಪತಿಗಳ ಎಳೆಗೂಸನ್ನು ನೋಡಿಕೊಳ್ಳುವ ಹೆಂಗಸು ಅದನ್ನು ಭಿಕ್ಷೆಗೆಂದು ಬಾಡಿಗೆಗೆ ಕೊಡುತ್ತಾಳೆ. ಕೂಸು ಬೆಂಗಳೂರಿನಲ್ಲಿ ಕೈಯಿಂದ ಕೈಗೆ ಹೋಗಿ ಕಾಣೆಯಾಗುತ್ತದೆ. ಇಲ್ಲಿ ನಾಯಕನಿಲ್ಲ, ಖಳನೂ ಇಲ್ಲ. ಅಕ್ಷತಾ ಪಾಂಡವಪುರ ಅವರ ತಾಯಿಯ ಪಾತ್ರವೂ ಅಳಿಸಬೇಕೆಂದು ಅಳುವುದಿಲ್ಲ. ಇದನ್ನು 'ನಿಧಾನ' ಎಂದು ಹಳಿಯುವವರು ಹೊಡೆದಾಟದ ಚಿತ್ರದ ಅಳತೆಗೋಲನ್ನೇ ಇಲ್ಲಿಗೂ ತಂದವರು.

ಜೋಗುಪಾಳ್ಯದಿಂದ ಇಂದಿರಾನಗರದ ಮನೆಗಳಿಗೆ ದಿನವೂ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ನನ್ನ ತಾಯಿಯವರೂ ಒಬ್ಬರು. ಅವರಿಗೆ ಈ ಚಿತ್ರದ ಕಥೆಯನ್ನು ಹೇಳಿದಾಗ, "ಆ ಹೆಂಗಸು ಮಾಡಿದ್ದು ಪಾಪವೇ. ಆದರೆ ಅವಳಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದರಪ್ಪಾ?" ಎಂದು ಕೇಳಿದರು. ನಾನು ಆವರೆಗೆ ಓದಿದ್ದ ವಿಮರ್ಶೆಗಳಲ್ಲಿ ಈ ಪ್ರಶ್ನೆಯಿರಲಿಲ್ಲ. ಚಿತ್ರವನ್ನು ಅದರ ಜಾತಿಗೆ ತಕ್ಕಂತೆ ಅಳೆಯುವುದರ ಜೊತೆಗೆ, ಅದರೊಳಗಿನ ಮನುಷ್ಯರು ಎಲ್ಲಿ ನಿಂತು ಬದುಕುತ್ತಿದ್ದಾರೆಂಬುದನ್ನೂ ಬಲ್ಲವರು ಮಾತನಾಡಬೇಕು. ಅಂಥವರು ನಮ್ಮ ಕಾಲೇಜಿನಲ್ಲಿಯೇ ಬಹಳ ಮಂದಿ ಇರುವರು.

ಆದುದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ವರ್ಷ ನಮ್ಮ ಕನ್ನಡ ಸಂಘವು ಈ ಕೊನೆಯ ಎರಡು ಚಿತ್ರಗಳನ್ನು ಅಪ್ಪಣೆ ಪಡೆದು ತೋರಿಸಲಿ. ಮಾರನೆಯ ದಿನ ಒಂದು ಗಂಟೆ ಚರ್ಚೆಗೆ ಬಿಡಲಿ. ಆ ವೇಳೆಗೆ ನಾನು ಇಲ್ಲಿಯ ವಿದ್ಯಾರ್ಥಿಯಾಗಿರುವುದಿಲ್ಲ, ಕರೆದರೆ ಬರುತ್ತೇನೆ.