ಮಳೆಯಲ್ಲಿ ಸಿಕ್ಕ ಆಮೆ

ಮಗೂ, ಗದ್ದೆ ಬದುವಿನಲ್ಲಿ ಆಮೆ ಸಿಕ್ಕಿತು, ಟಬ್ಬಿನಲ್ಲಿ ಬಿಟ್ಟಿದ್ದೀನಿ, ಏನು ತಿನ್ನಿಸಲಿ ಅಂತ ಕೇಳಿದೆಯಲ್ಲ. ಮೊದಲು ಅದು ಯಾವ ಆಮೆ ಅಂತ ನೋಡು. ಬೆನ್ನಿನ ಚಿಪ್ಪು ಚರ್ಮ ಹೊದ್ದ ಹಾಗೆ ನುಣುಪಾಗಿದ್ದು, ಹಿಂಗಾಲು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯಿಂದ ಎರಡು ಚರ್ಮದ ಮಡಿಕೆಗಳು ಬಂದು ಅವನ್ನು ಮುಚ್ಚಿದರೆ, ಅದು ನಮ್ಮ ಕೆರೆಯದೇ ಆಮೆ. ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತು ಕೂತಿದ್ದು, ಮಳೆ ಬಿದ್ದ ಮೇಲೆ ಮೇಲೆದ್ದು ಇನ್ನೊಂದು ನೀರು ಹುಡುಕಿಕೊಂಡು ಹೊರಡುತ್ತದೆ. ನಿನ್ನ ಕಣ್ಣಿಗೆ ಬಿದ್ದಾಗಲೂ ಹಾಗೇ ಹೊರಟಿದ್ದಿರಬೇಕು.

ಅದಕ್ಕೆ ಬೇಕಾದದ್ದು ಬಸವನಹುಳು, ಮೀನು, ಕಪ್ಪೆ, ನೀರಿನ ಗಿಡ, ಸತ್ತು ಬಿದ್ದದ್ದು. ಅನ್ನ, ಹಾಲು, ಬ್ರೆಡ್ಡು ಅದರ ಊಟವಲ್ಲ. ಟಬ್ಬಿನ ನೀರು ಅದರ ಹೊಲಸಿನಿಂದಲೇ ಬೇಗ ಕೆಟ್ಟು ಚರ್ಮಕ್ಕೆ ಹುಣ್ಣು ತರುತ್ತದೆ. ಹೂತುಕೊಳ್ಳಲು ಮಣ್ಣಿಲ್ಲ, ಮೈ ಕಾಯಿಸಿಕೊಳ್ಳಲು ಬಿಸಿಲಿಲ್ಲ. ಬಿಸಿಲು ತಾಗದಿದ್ದರೆ ತಿಂದದ್ದರ ಸುಣ್ಣದಂಶ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ.

ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ, ಬಾವಿಗೆ ಬಿಟ್ಟರೆ ನೀರು ಶುದ್ಧ ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರ ಮಾತು ಕೇಳಬೇಡ. ಗೋಡೆ ಕಟ್ಟಿದ ಬಾವಿಯಿಂದ ಅದು ಮೇಲೆ ಬರಲಾರದು, ನೆಲಕ್ಕೆ ಬರದೆ ಮೊಟ್ಟೆಯಿಡಲಾರದು. ಕೆಲವರು ಚಿಪ್ಪಿಗೆ ತೂತು ಕೊರೆದು ದಾರ ಕಟ್ಟುತ್ತಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಬೆನ್ನುಮೂಳೆಯೂ ಪಕ್ಕೆಲುಬೂ ಸೇರಿ ಬೆಳೆದದ್ದೇ ಆ ಚಿಪ್ಪು; ಅದರಲ್ಲಿ ರಕ್ತ ಹರಿಯುತ್ತದೆ, ನೋವೂ ಆಗುತ್ತದೆ. ಇನ್ನೊಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಆಮೆ ಇರುವುದು ಹುಲಿ ಇರುವ ಮೊದಲನೇ ಅನುಸೂಚಿಯಲ್ಲೇ. ಮನೆಯಲ್ಲಿಟ್ಟುಕೊಂಡರೆ ಜೈಲು ಶಿಕ್ಷೆಯೂ ಆಗಬಹುದು.

ಗಾಯವಿಲ್ಲದಿದ್ದರೆ ಇವತ್ತೇ ಅದು ಸಿಕ್ಕಿದ ಜಾಗಕ್ಕೆ ತೆಗೆದುಕೊಂಡು ಹೋಗು. ದೂರದ ದೊಡ್ಡ ಕೆರೆಯೇ ಒಳ್ಳೆಯದು ಅಂದುಕೊಳ್ಳಬೇಡ. ಅದಕ್ಕೆ ಗೊತ್ತಿರುವುದು ಇಲ್ಲಿನ ನೀರು, ಇಲ್ಲಿನ ದಾರಿ. ರಸ್ತೆ ದಾಟುತ್ತಿದ್ದದ್ದಾದರೆ ಮುಖ ಮಾಡಿದ್ದ ಕಡೆಯ ಅಂಚಿಗೇ ಬಿಡಬೇಕು. ಎತ್ತುವಾಗ ಎರಡೂ ಕೈಯಲ್ಲಿ ಚಿಪ್ಪಿನ ಹಿಂಭಾಗ ಹಿಡಿ. ಕತ್ತು ಉದ್ದ, ಹಿಂದಕ್ಕೂ ತಿರುಗಿಸಿ ಕಚ್ಚೀತು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಆಮೇಲೆ ಸೋಪು ಹಚ್ಚಿ ಕೈ ತೊಳೆ. ಪುಟ್ಟ ತಂಗಿಯ ಕೈಗಂತೂ ಕೊಡಲೇಬೇಡ. ಚಿಪ್ಪು ಒಡೆದಿದ್ದರೆ ನೀರಿಗೆ ಬಿಡದೆ, ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ನೆರಳಿಗಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡು.

ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಮಾತೇ ಬೇರೆ. ಅದು ಅಮೆರಿಕದ ಮಿಸಿಸಿಪ್ಪಿ ಕಡೆಯದು, ಅಕ್ವೇರಿಯಂ ಅಂಗಡಿಯಿಂದ ತಂದವರು ಯಾರೋ ಬಿಟ್ಟು ಹೋಗಿರುತ್ತಾರೆ. ಅಂಗಡಿಯಲ್ಲಿ ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಗಲ ಬೆಳೆಯುತ್ತದೆ, ಮೂವತ್ತು ವರ್ಷ ಬದುಕಬಲ್ಲದು. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಮೇವು, ಬಿಸಿಲು ಕಾಯುವ ಜಾಗ ಎಲ್ಲ ಕಿತ್ತುಕೊಳ್ಳುತ್ತದೆ. ಅಂಥದ್ದಾದರೆ ಕೆರೆಯ ಹತ್ತಿರಕ್ಕೂ ಒಯ್ಯಬೇಡ, ಆಮೆಗೆ ಮದ್ದು ಮಾಡಿ ಬಲ್ಲ ಪಶುವೈದ್ಯರ ಬಳಿ ನಾವಿಬ್ಬರೂ ಹೋಗೋಣ.