ಹಾಡು ಹೋದ ಡಿವಿಡಿ, ಮುನಿದ ಭಾವ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಎಂಬ ಟಿ.ವಿ. ಸರಣಿ ರೇಡಿಯೊ ಕೇಂದ್ರದ ಕಥೆ. ಹಾಡೇ ಹೋದರೆ ಉಪ್ಪಿಲ್ಲದ ಸಾರು. ಆದರೆ 2007ರ ಡಿವಿಡಿಯಲ್ಲಿ ಹಾಡು ಬದಲಿಸಿ, ಕೆಲವು ದೃಶ್ಯಗಳಿಗೆ ಕತ್ತರಿ ಹಾಕಿದ್ದು ಬರೀ ಜಿಪುಣತನ ಎಂಬ ನಿಮ್ಮ ವಾದ ಪೂರ್ತಿ ಸರಿಯಲ್ಲ. 1978ರಲ್ಲಿ ಸರಣಿ ಶುರುವಾದಾಗ ಹಾಡುಗಳ ಹಕ್ಕು ಪಡೆದದ್ದು ಟಿ.ವಿ. ಪ್ರಸಾರಕ್ಕೆ, ಅದೂ ಸೀಮಿತ ಅವಧಿಗೆ. ಮುಂದೆ ಡಿಸ್ಕು ಮನೆಮನೆಗೆ ಬರುತ್ತದೆಂದು ಯಾರು ಎಣಿಸಿದ್ದರು? ಈಗ ಒಂದೊಂದು ಹಾಡಿಗೂ ಹೊಸದಾಗಿ ದುಡ್ಡು ಸುರಿಯಬೇಕು.

ಹಾಗಂತ ‘ಸಂಭಾಷಣೆ ಇದೆಯಲ್ಲ, ಸಾಕು’ ಎನ್ನುವ ನಿಮ್ಮ ಭಾವನವರ ಮಾತನ್ನೂ ನಾನು ಒಪ್ಪೆ. ಹಾಡಿನ ಮೇಲೇ ನಿಂತ ನಗೆ ಅಲ್ಲಿ ಎಷ್ಟೋ ಇದೆ. 2014ರ ಪೂರ್ಣ ಸರಣಿಯ ಡಿವಿಡಿಯಲ್ಲಿ ಬಹುಪಾಲು ಹಾಡುಗಳು ಮರಳಿವೆ, ಎಲ್ಲವೂ ಅಲ್ಲ. ಅದನ್ನು ತರಿಸಿ, ಭಾವನವರನ್ನು ಊಟಕ್ಕೆ ಕರೆಯಿರಿ. ಹಳೆಯದನ್ನು ಮಾತ್ರ ಅವರಿಗೆ ಉಡುಗೊರೆ ಕೊಡಬೇಡಿ!