ಗಣಕಯಂತ್ರದ ಬಾಹ್ಯ ಸಾಧನಗಳಿಗೆ ವಿದ್ಯುತ್ ಪೂರೈಕೆ

ವಾಲಧುನಿ ನದಿಯ ದಡದ ಅಂಬರನಾಥವು 2005ರ ಜುಲೈ 26ರ ಮಹಾಮಳೆಯನ್ನು ಕಂಡ ಊರು. ಮನೆಯೊಳಗೆ ನೀರು ನುಗ್ಗಿದಾಗ ಮೊದಲು ಹಾಳಾಗುವುದು ಕಾಗದಪತ್ರ. ಮನೆಯ ಕರಾರುಪತ್ರ, ಮಕ್ಕಳ ಪ್ರಮಾಣಪತ್ರಗಳು, ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರಾದರೆ ಊರಿನ ಜಮೀನಿನ ಪಹಣಿ, ಇವುಗಳ ಪ್ರತಿಯನ್ನು ಬಾಹ್ಯ ಹಾರ್ಡ್ ಡಿಸ್ಕ್‌ನಲ್ಲಿ ಕಾಪಾಡಿಕೊಳ್ಳುವುದು ಉಚಿತ. ಆದರೆ ಈ ಡಿಸ್ಕ್ ಕೆಲವೊಮ್ಮೆ ಟಿಕ್ ಟಿಕ್ ಎಂದು ಸದ್ದು ಮಾಡಿ, ಪರದೆಯ ಮೇಲೆ ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತದೆ. ಅದು ಕೆಟ್ಟಿತೆಂದು ನಿರ್ಧರಿಸುವ ಮುನ್ನ, ಅದಕ್ಕೆ ಸಾಕಷ್ಟು ವಿದ್ಯುತ್ ದೊರೆಯುತ್ತಿದೆಯೇ ಎಂದು ಪರೀಕ್ಷಿಸತಕ್ಕದ್ದು.

1996ರಲ್ಲಿ ಬಳಕೆಗೆ ಬಂದ ಯುಎಸ್‌ಬಿ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಭಾರತ ಸಂಜಾತ ಇಂಜಿನಿಯರ್ ಅಜಯ್ ಭಟ್ಟರು ಪ್ರಮುಖರು. ಒಂದೇ ಕೇಬಲ್ಲಿನಲ್ಲಿ ಮಾಹಿತಿಯೂ 5 ವೋಲ್ಟ್ ವಿದ್ಯುತ್ತೂ ಹರಿಯುವುದು ಇದರ ವೈಶಿಷ್ಟ್ಯ. 2000ದ ಎರಡನೆಯ ಆವೃತ್ತಿಯಲ್ಲಿ ಒಂದು ಪೋರ್ಟ್ ನೀಡಬೇಕಾದ ಪ್ರವಾಹದ ಮಿತಿ 500 ಮಿಲಿಆಂಪಿಯರ್. 2008ರ ಮೂರನೆಯ ಆವೃತ್ತಿಯಲ್ಲಿ 900. ಕೀಲಿಮಣೆಗೂ ಮೌಸಿಗೂ ಇದು ಧಾರಾಳವಾಯಿತು. ತಿರುಗುವ ತಟ್ಟೆಯುಳ್ಳ ಚಿಕ್ಕ ಹಾರ್ಡ್ ಡಿಸ್ಕ್ ಮಾತ್ರ ಚಾಲನೆಗೊಳ್ಳುವ ಕ್ಷಣದಲ್ಲಿ ಸುಮಾರು 1 ಆಂಪಿಯರ್‌ನಷ್ಟು ಪ್ರವಾಹವನ್ನು ಸೆಳೆಯಬಹುದು. ಸಮಸ್ಯೆ ತಲೆದೋರುವುದು ಇಲ್ಲಿಯೇ.

ಎರಡನೆಯ ಕಾರಣ ಕೇಬಲ್. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿರುತ್ತದೆ. ಕೇಬಲ್ ಒಂದೂವರೆ ಮೀಟರ್ ಉದ್ದವಿದ್ದರೆ, ಹೋಗಿ ಬರುವ ದಾರಿ ಮೂರು ಮೀಟರ್. 900 ಮಿಲಿಆಂಪಿಯರ್ ಹರಿಯುವಾಗ ಆ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗಿ, ಡಿಸ್ಕ್‌ಗೆ ತಲುಪುವುದು ಸುಮಾರು 4.4 ವೋಲ್ಟ್ ಮಾತ್ರ. 24 ಗೇಜಿನ ತಂತಿಯಲ್ಲಿ ನಷ್ಟವು ಕಾಲು ವೋಲ್ಟಿಗೂ ಕಡಿಮೆ. ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ಸಪೂರ ಎಂಬುದನ್ನು ಕೊಳ್ಳುವಾಗ ನೆನಪಿಡಬೇಕು. ಕೇಬಲ್ಲಿನ ಹೊರಕವಚದ ದಪ್ಪವನ್ನು ನಂಬುವಂತಿಲ್ಲ.

ಒಂದು ಪೋರ್ಟನ್ನು ನಾಲ್ಕಾಗಿಸುವ ಹಬ್‌ಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಹೊಸ ವಿದ್ಯುತ್ತನ್ನೇನೂ ಉತ್ಪಾದಿಸುವುದಿಲ್ಲ, ಇರುವುದನ್ನೇ ಹಂಚುತ್ತದೆ. ಎರಡನೆಯ ಆವೃತ್ತಿಯ ನಿಯಮದಂತೆ ಅಂತಹ ಹಬ್‌ನ ಪ್ರತಿ ಪೋರ್ಟಿಗೆ ದೊರೆಯುವುದು 100 ಮಿಲಿಆಂಪಿಯರ್ ಮಾತ್ರ. ಅದಕ್ಕೆ ಡಿಸ್ಕ್ ಜೋಡಿಸುವುದು ವ್ಯರ್ಥ. ಸ್ವಂತ ಅಡಾಪ್ಟರ್ ಇರುವ ಹಬ್ ಉತ್ತಮ. ಆದರೆ ಮೂರನೆಯ ಆವೃತ್ತಿಯ ನಾಲ್ಕು ಪೋರ್ಟ್‌ಗಳು ಪೂರ್ಣವಾಗಿ ಕೆಲಸ ಮಾಡಲು 3.6 ಆಂಪಿಯರ್ ಬೇಕಿರುವಾಗ, 2 ಆಂಪಿಯರಿನ ಅಡಾಪ್ಟರ್ ಸಾಲದು. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇದೆಯೇ ಎಂದು ನೋಡಿಯೇ ಕೊಳ್ಳುವುದು ಸೂಕ್ತ.

ಮಳೆಗಾಲದಲ್ಲಿ ಈ ಹಬ್‌ನಿಂದಲೇ ಮತ್ತೊಂದು ತೊಡಕು ಉಂಟಾಗುವ ಸಂಭವವಿದೆ. ವಿದ್ಯುತ್ ಕಡಿತವಾದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಿಂದ ನಡೆಯುತ್ತಲೇ ಇರುತ್ತದೆ, ಗೋಡೆಯ ಪ್ಲಗ್ಗಿನಲ್ಲಿರುವ ಹಬ್‌ನ ಅಡಾಪ್ಟರ್ ಮಾತ್ರ ನಿಂತುಹೋಗುತ್ತದೆ. ಬರೆಯುತ್ತಿರುವ ಡಿಸ್ಕ್ ಅರ್ಧದಲ್ಲೇ ಸಂಪರ್ಕ ಕಡಿದುಕೊಂಡರೆ ಆ ಕಡತವಷ್ಟೇ ಅಲ್ಲ, ಕಡತಗಳ ಸೂಚಿಯೇ ಕೆಡಬಹುದು. ಆದುದರಿಂದ ಹಬ್‌ನ ಅಡಾಪ್ಟರನ್ನು ಯುಪಿಎಸ್‌ಗೆ ಜೋಡಿಸಬೇಕು. ಯುಪಿಎಸ್ ಇಲ್ಲದ ಮನೆಗಳಲ್ಲಿ ಹಬ್ಬನ್ನು ಬಿಟ್ಟು, ಗಿಡ್ಡ ಕೇಬಲ್ಲಿನಿಂದ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸುವುದೇ ಲೇಸು. ಮೇಜಿನ ಗಣಕಯಂತ್ರವಾದರೆ ಮುಂಭಾಗದ ಪೋರ್ಟಿಗಿಂತ ಹಿಂಭಾಗದ್ದು ಮೇಲು, ಅದು ನೇರವಾಗಿ ಮುಖ್ಯ ಫಲಕದಲ್ಲಿಯೇ ಇರುತ್ತದೆ. ನಕಲು ಮುಗಿದ ಬಳಿಕ ಸುರಕ್ಷಿತವಾಗಿ ಬೇರ್ಪಡಿಸುವ ಆದೇಶ ನೀಡಿ, ತಟ್ಟೆಯ ತಿರುಗಾಟ ನಿಲ್ಲುವವರೆಗೆ ಕಾದು ಕಳಚಿ, ಡಿಸ್ಕನ್ನು ಮೇಲಿನ ಕಪಾಟಿನಲ್ಲಿರಿಸತಕ್ಕದ್ದು.